ನೀವಿಲ್ಲದಾಗ ಈ ಕೆಲಸ ಮಾಡುವವರು

ಮೇಡಂ: ‘ನೀವಿಲ್ಲದಾಗ ಈ ಕೆಲಸ ಮಾಡುವವರು’ ಅಂತ ಇದೆ ಇಲ್ಲಿ. ಅದರ ಮುಂದೆ ನೀವು ನಿಮ್ಮ ಹೆಸರನ್ನೇ ಬರೆದಿದ್ದೀರಿ.

ಏಳಣ್ಣ: ನಿಜ ಬರೀಬೇಕು ಅಂತ ಮೇಲ್ಗಡೆ ಅಚ್ಚು ಹಾಕಿಸಿದ್ದೀರಲ್ಲ ಮೇಡಂ. ನಿಜಾನೇ ಬರೆದೆ.

ಮೇಡಂ: ನೀವಿಲ್ಲದಾಗ ನೀವೇ ಹೇಗ್ರೀ ಮಾಡ್ತೀರಿ?

ಏಳಣ್ಣ: ಫೋನ್ ಮಾಡ್ತಾರೆ, ಬರ್ತೀನಿ. ನನ್ನ ನಾದಿನಿ ಮದುವೆ ದಿನ ಊಟಕ್ಕೆ ಕೂತಿದ್ದೆ. ಅರ್ಧಕ್ಕೇ ಎದ್ದು ಬಂದೆ. ಹೊಸ ಅಂಗಿ ಹಾಕ್ಕೊಂಡೇ ಮಿಷನ್ ಓಡಿಸಿದೆ.

ಮೇಡಂ: ಜ್ವರ ಬಂದ್ರೆ?

ಏಳಣ್ಣ: ಬಂದಿತ್ತು. ನಾನೂ ಬಂದೆ.

ಮೇಡಂ: ರಿಟೈರ್ ಆದ್ರೆ?

ಏಳಣ್ಣ: ಅದು ಕಂಪನಿ ಕಷ್ಟ. ಕಂಪನಿ ಕಷ್ಟನ ನನ್ನ ಫಾರಂನಲ್ಲಿ ಯಾಕೆ ಬರೀಲಿ?

ಇದು ಸೋಪಿನ ಕಾರ್ಖಾನೆಯ ತರಬೇತಿ ಕೊಠಡಿ. ನಾಲ್ಕು ತಿಂಗಳ ಹಿಂದಿನವರೆಗೂ ಇಲ್ಲಿ ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟುತ್ತಿದ್ದರು. ಈಗ ಗೋಡೆಗೆ ಬಣ್ಣ ಬಳಿಸಿ, ಬರೆಯುವ ಹಲಗೆ ಅಂಟಿಸಿದ ಕುರ್ಚಿಗಳನ್ನು ಹಾಕಿಸಿ, ತರಬೇತಿ ಅಧಿಕಾರಿ ಎಂಬ ಹೊಸ ಹುದ್ದೆಗೆ ಒಬ್ಬ ಮೇಡಂ ಅವರನ್ನು ತಂದು ಕೂರಿಸಿದ್ದಾರೆ. ಅವರ ತಲೆಯ ಮೇಲೆ ‘ತರಬೇತಿ ಖರ್ಚಲ್ಲ, ಸಂಸ್ಥೆಯ ಕಾರ್ಯತಂತ್ರ’ ಎಂಬ ಫಲಕವಿದೆ. ಎದುರು ಕುಳಿತವನಿಗೆ ಅದು ಚೆನ್ನಾಗಿ ಕಾಣುತ್ತದೆ, ಆದರೆ ಅದು ಬೇರೆಯವರಿಗೆ ಹೇಳಿದ ಮಾತು ಎಂದೇ ಅವನ ನಂಬಿಕೆ.

ಏಳಣ್ಣ ಎನ್ನುವುದು ಅವನ ಹೆಸರಲ್ಲ. ಸೋಪಿನ ಮೇಲೆ ಕಂಪನಿಯ ಗುರುತು ಒತ್ತುವ ಏಳನೇ ನಂಬರಿನ ಮಿಷನ್ನನ್ನು ಹತ್ತೊಂಬತ್ತು ವರ್ಷದಿಂದ ಅವನೊಬ್ಬನೇ ಓಡಿಸುತ್ತಿರುವುದರಿಂದ ಬಂದ ಬಿರುದು. ಬೇರೆ ಯಾರು ಮುಟ್ಟಿದರೂ ಗುರುತು ಸೊಟ್ಟಗೆ ಬೀಳುತ್ತದೆ. ಇದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಮರೆಯದ ಹಾಗೆ ಏಳಣ್ಣ ನೋಡಿಕೊಂಡಿದ್ದಾನೆ.

ಮೇಡಂ: ಇಲ್ಲಿ ಕೇಳಿ. ಸೋಮವಾರದಿಂದ ಸೂಪರ್‌ವೈಸರ್ ಜಾಗ ಖಾಲಿ. ಹಿರಿತನದಲ್ಲಿ ಮೊದಲನೇ ಹೆಸರು ನಿಮ್ಮದು.

ಏಳಣ್ಣ: ಗೊತ್ತು. ಎರಡು ಬಿಳಿ ಅಂಗಿ ಹೊಲಿಯೋಕೂ ಕೊಟ್ಟಿದ್ದೀನಿ.

ಮೇಡಂ: ಆದ್ರೆ ಏಳನೇ ನಂಬರಿಗೆ ಇನ್ನೊಬ್ಬರು ತಯಾರಾಗದೆ ನಿಮ್ಮನ್ನ ಅಲ್ಲಿಂದ ಎತ್ತೋ ಹಾಗಿಲ್ಲ. ಇವತ್ತು ಸಾಯಂಕಾಲ ನಾಲ್ಕಕ್ಕೆ ಪಟ್ಟಿ ಹೆಡ್ ಆಫೀಸಿಗೆ ಹೋಗುತ್ತೆ. ಈ ಸಾಲಿನಲ್ಲಿ ಇನ್ನೊಬ್ಬರ ಹೆಸರಿಲ್ಲ ಅಂದ್ರೆ ಜಾಗ ಎರಡನೆಯವರಿಗೆ.

ಏಳಣ್ಣ: ಎರಡನೆಯವನು ಯಾರು?

ಮೇಡಂ: ಮೂರನೇ ನಂಬರ್ ಮಿಷನ್ನವರು.

ಏಳಣ್ಣ: ಆ ಕುಳ್ಳನಾ? ಅವನು ಮೊನ್ನೆ ಬಂದವನು.

ಮೇಡಂ: ಹದಿನೇಳು ವರ್ಷ ಆಯ್ತು. ಅಷ್ಟರಲ್ಲಿ ನಾಲ್ಕು ಜನಕ್ಕೆ ಕೆಲಸ ಕಲಿಸಿದ್ದಾರೆ.

ಏಳಣ್ಣ: ಮೂರನೇ ನಂಬರಿನಲ್ಲಿ ಕಲಿಸೋಕೆ ಏನಿದೆ? ಮಿಷನ್ನಿಗೆ ಬೆನ್ನು ತಿರುಗಿಸಿ ನಿಂತರೂ ಓಡುತ್ತೆ. ಇದ್ಯಾವ ನ್ಯಾಯ ಮೇಡಂ? ನನಗೆ ಕೆಲಸ ಚೆನ್ನಾಗಿ ಬರುತ್ತೆ ಅಂತ ನನ್ನನ್ನ ಮೇಲಕ್ಕೆ ಬಿಡೋದಿಲ್ವಾ?

ಮೇಡಂ: ನಿಮಗೆ ಮಾತ್ರ ಬರುತ್ತೆ ಅಂತ ಬಿಡೋದಿಲ್ಲ. ನಾನು ಮೂರು ಜನರನ್ನ ಕಳಿಸಿದೆ. ಮೊದಲನೆಯವರು ಎರಡನೇ ದಿನ ಬರಲೇ ಇಲ್ಲ.

ಏಳಣ್ಣ: ಅವನಿಗೆ ಕಿವಿ ಇರಲಿಲ್ಲ. ಅಂದ್ರೆ ಇತ್ತು, ಮಿಷನ್ನಿಗೆ ಕೊಡ್ತಿರಲಿಲ್ಲ.

ಮೇಡಂ: ಎರಡನೆಯವರು ಕೈ ಮುಗಿದು ಗೇಟ್ ಕಾಯೋ ಕೆಲಸ ಕೇಳಿ ತಗೊಂಡ್ರು.

ಏಳಣ್ಣ: ಒಳ್ಳೆ ನಿರ್ಧಾರ. ಗೇಟಿಗೂ ಅವನಿಗೂ ಹೊಂದಾಣಿಕೆ ಆಗಿದೆ.

ಮೇಡಂ: ಮೂರನೆಯವರಿಗೆ ಎಂಟು ದಿನ ಮಿಷನ್ ಒರೆಸೋದು ಬಿಟ್ಟು ಏನೂ ಹೇಳಿಕೊಡಲಿಲ್ಲವಂತೆ.

ಏಳಣ್ಣ: ಒರೆಸೋದು ಅಂದ್ರೆ ಪರಿಚಯ ಮಾಡ್ಕೊಳ್ಳೋದು. ಒಂಬತ್ತನೇ ದಿನ ಮಾತಾಡಿಸೋಣ ಅಂತಿದ್ದೆ. ಅವನಿಗೆ ತಾಳ್ಮೆ ಇರಲಿಲ್ಲ.

ಮೇಡಂ: ಇರ್ಲಿ. ನಾಲ್ಕನೆಯವರು ಬಂದಿದ್ದಾರೆ. ಹದಿನಾರು ವರ್ಷ ಪ್ಯಾಕಿಂಗ್‌ನಲ್ಲಿ ಕೆಲಸ ಮಾಡಿದವರು. ಲಿಖಿತ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತಾರು.

ಏಳಣ್ಣ: ಯಾರವನು?

ಬಾಗಿಲು ತಳ್ಳಿಕೊಂಡು ಒಳಗೆ ಬಂದವಳು ಏಳಣ್ಣನ ಹೆಂಡತಿ. ತಲೆಗೆ ಪ್ಯಾಕಿಂಗ್ ವಿಭಾಗದ ಟೊಪ್ಪಿ, ಕೈಯಲ್ಲಿ ರೂಲು ಎಳೆದ ಒಂದು ನೋಟ್‌ಬುಕ್ಕು, ಅದರ ಸುರುಳಿಗೆ ಸಿಕ್ಕಿಸಿದ ಪೆನ್ನು.

ಏಳಣ್ಣ: ಏನೇ, ಮನೆ ಬೀಗದ ಕೈ ಮರೆತು ಬಂದೆಯಾ?

ಹೆಂಡತಿ: ಇಲ್ಲ. ಏಳನೇ ನಂಬರ್ ಕಲಿಯೋಕೆ ಬಂದೆ.

ಏಳಣ್ಣ: ನನಗೆ ಒಂದು ಮಾತು ಹೇಳಲಿಲ್ಲ.

ಹೆಂಡತಿ: ಹೇಳಿದೆ. ಹೋದ ತಿಂಗಳು, ನೀವು ಪೇಪರ್ ಓದ್ತಿದ್ರಿ. ನಿಮ್ಮ ಮಿಷನ್ನಿಗೆ ನಾನು ಅರ್ಜಿ ಹಾಕ್ತೀನಿ ಅಂದೆ. ಹ್ಞೂಂ ಹಾಕು, ಸಕ್ಕರೆ ಮಾತ್ರ ಕಡಿಮೆ ಇರ್ಲಿ ಅಂದ್ರಿ.

ಏಳಣ್ಣ: ಮೇಡಂ, ಇದು ಆಗೋ ಹೋಗೋ ಮಾತಲ್ಲ. ಹೆಂಡತಿಗೆ ಗಂಡ ಏನನ್ನೂ ಕಲಿಸೋಕಾಗಲ್ಲ. ಒಂದ್ಸಲ ಸ್ಕೂಟರ್ ಕಲಿಸೋಕೆ ಹೋಗಿ ಏನಾಯ್ತು ಅಂತ ಇವಳನ್ನೇ ಕೇಳಿ.

ಹೆಂಡತಿ: ಬ್ರೇಕ್ ಯಾವುದು ಅಂತ ಕೇಳಿದೆ ಮೇಡಂ. ಕಾಲಿಗೆ ಗೊತ್ತಾಗುತ್ತೆ ಅಂದ್ರು. ಕಾಲಿಗೆ ಗೊತ್ತಾಗೋ ಹೊತ್ತಿಗೆ ಎದುರುಮನೆ ಗೇಟು ಬಂದಿತ್ತು.

ಏಳಣ್ಣ: ಇನ್ನೊಂದೆರಡು ವರ್ಷ ಬಿಟ್ಟು ನೋಡೋಣ ಕಣೇ.

ಹೆಂಡತಿ: ಆಪರೇಟರ್ ಆಗೋಕೆ ನಲವತ್ತೈದರ ಒಳಗಿರಬೇಕು ಅಂತ ನಿಯಮ ಇದೆ. ನನಗೆ ಬರೋ ತಿಂಗಳು ನಲವತ್ತೈದು ತುಂಬುತ್ತೆ. ಇವತ್ತು ಬಿಟ್ರೆ ಇಲ್ಲ.

ಏಳಣ್ಣ: ಜನಗಣತಿಯವರು ಬಂದಾಗ ನೀನು ಮೂವತ್ತೆಂಟು ಅಂದಿದ್ದೆ.

ಹೆಂಡತಿ: ಅವರು ನಿಜ ಹೇಳಿದವರಿಗೆ ಮಿಷನ್ ಕೊಡ್ತೀವಿ ಅಂದಿರಲಿಲ್ಲ.

ಅವಳು ನಗಲಿಲ್ಲ. ಹದಿನಾರು ವರ್ಷ ಸೋಪಿಗೆ ಕಾಗದ ಸುತ್ತಿ ಸುತ್ತಿ, ಟಿವಿ ನೋಡುತ್ತಾ ಕುಳಿತಾಗಲೂ ಅವಳ ಬೆರಳುಗಳು ಸೆರಗಿನ ಅಂಚನ್ನು ಚೌಕವಾಗಿ ಮಡಚುತ್ತಿರುತ್ತವೆ. ಆ ಬೆರಳುಗಳಿಗೆ ಒಂದು ದೊಡ್ಡ ಕೆಲಸ ಬೇಕಿತ್ತು. ಏಳಣ್ಣನಿಗೆ ಬಿಳಿ ಅಂಗಿ ಬೇಕಿತ್ತು. ಎರಡೂ ಒಂದೇ ಫಾರಮ್ಮಿನ ಒಂದೇ ಸಾಲಿಗೆ ಬಂದು ನಿಂತಿದ್ದವು.

ಮೇಡಂ: ಹನ್ನೊಂದು ಗಂಟೆ ಆಯ್ತು. ಮಿಷನ್ ಹತ್ರ ಹೋಗೋಣ ಬನ್ನಿ. ನೀವು ಮಾಡಿ ತೋರಿಸಿ, ನಾನು ಒಂದೊಂದು ಹೆಜ್ಜೆನೂ ಬರ್ಕೋತೀನಿ. ಅದೇ ಮುಂದೆ ಕೈಪಿಡಿ ಆಗುತ್ತೆ.

ಮಿಷನ್ ಮನೆಯಲ್ಲಿ ಎಂಟು ಮಿಷನ್ನುಗಳು ಸಾಲಾಗಿವೆ. ಏಳನೆಯದು ಎಲ್ಲಕ್ಕಿಂತ ಹಳೆಯದು, ಅದರ ಹಸಿರು ಬಣ್ಣ ಏಳಣ್ಣನ ಮೊಣಕೈ ತಾಗುವಲ್ಲಿ ಸವೆದು ಬೆಳ್ಳಗಾಗಿದೆ. ಅವನು ಬಂದವನೇ ಹೆಗಲಿನ ವಸ್ತ್ರವನ್ನು ಕೊಕ್ಕೆಗೆ ಹಾಕಿದ, ನಾಲ್ಕು ಅಂತಸ್ತಿನ ಸ್ಟೀಲಿನ ಊಟದ ಕ್ಯಾರಿಯರನ್ನು ಮಿಷನ್ನಿನ ಪಕ್ಕದ ತಗಡಿನ ಮೇಲೆ ಇಟ್ಟ, ಕೈ ಉಜ್ಜಿಕೊಂಡ.

ಮೇಡಂ: ಹೆಜ್ಜೆ ಒಂದು, ವಸ್ತ್ರ. ಹೆಜ್ಜೆ ಎರಡು, ಕ್ಯಾರಿಯರ್...

ಏಳಣ್ಣ: ಅಯ್ಯೋ, ಅದನ್ನೆಲ್ಲ ಬರೀಬೇಡಿ. ಅದು ನನ್ನ ಊಟ. ಕೆಳಗಿಟ್ರೆ ಇರುವೆ ಹತ್ತುತ್ತೆ ಅಂತ ಮೇಲಿಡ್ತೀನಿ. ಕೆಲಸಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೇಡಂ ಬರೆದದ್ದನ್ನು ಹೊಡೆದುಹಾಕಿದರು.

ಏಳಣ್ಣ: ಈಗ ಸ್ವಿಚ್ ಹಾಕೋದು. ಹಾಕಿದ ಮೇಲೆ ಸುಮ್ಮನೆ ನಿಲ್ಲೋದು.

ಮೇಡಂ: ಎಷ್ಟು ಹೊತ್ತು?

ಏಳಣ್ಣ: ಅದು ಹೇಳೋವರೆಗೆ.

ಮೇಡಂ: ಯಾರು ಹೇಳೋವರೆಗೆ?

ಏಳಣ್ಣ: ಮಿಷನ್. ಕಿವಿ ಕೊಡಬೇಕು. ಏನೇ, ಏನು ಕೇಳಿಸ್ತಿದೆ?

ಹೆಂಡತಿ: ಊಟ ತಡ ಆದಾಗ ನೀವು ಗೊಣಗ್ತೀರಲ್ಲ, ಹಾಗೆ.

ಏಳಣ್ಣ: ಈಗ ಇಲ್ಲಿ ಅಂಗೈಲಿ ಒಂದು ಏಟು. ಸಿಟ್ಟಲ್ಲಿ ಅಲ್ಲ, ಸಲುಗೆಯಲ್ಲಿ.

ಮೇಡಂ: ‘ಸಲುಗೆಯಿಂದ ಒಂದು ಏಟು.’ ಎಷ್ಟು ಜೋರಾಗಿ ಅಂತ ಹೇಳಿದ್ರೆ ಒಳ್ಳೇದು.

ಏಳಣ್ಣ: ಅದು ಕೈಗೆ ಗೊತ್ತಾಗುತ್ತೆ.

ಹೆಂಡತಿ: ಎದುರುಮನೆ ಗೇಟು ನೆನಪಾಯ್ತು.

ಏಳಣ್ಣ ಹನ್ನೆರಡು ಸೋಪು ಒತ್ತಿದ. ಹನ್ನೆರಡರಲ್ಲೂ ಗುರುತು ನೆಟ್ಟಗೆ, ನಟ್ಟನಡುವೆ. ಅವನು ಹಿಂದೆ ಸರಿದು, ವಸ್ತ್ರವನ್ನೂ ಕ್ಯಾರಿಯರನ್ನೂ ತೆಗೆದುಕೊಂಡ.

ಏಳಣ್ಣ: ತಗೋ. ಇನ್ನು ಇದು ನಿನ್ನ ರಾಜ್ಯ. ನನ್ನ ಸಾಮಾನು ನಾನು ತಗೊಂಡಿದ್ದೀನಿ.

ಹೆಂಡತಿ ಸ್ವಿಚ್ ಹಾಕಿದಳು, ನಿಂತಳು, ಕೇಳಿಸಿಕೊಂಡಳು, ಸಲುಗೆಯಿಂದ ಏಟು ಕೊಟ್ಟಳು. ಮೂರು ಸೋಪು ನೆಟ್ಟಗೆ ಬಂದವು. ನಾಲ್ಕನೆಯದು ಕೊಂಚ ವಾಲಿತು. ಹತ್ತನೆಯದರಲ್ಲಿ ಗುರುತಿನ ಎಡ ತುದಿ ಅಂಚಿನಿಂದ ಹೊರಗೆ ಬಿದ್ದಿತ್ತು.

ಏಳಣ್ಣ: ನೋಡಿದ್ರಾ ಮೇಡಂ. ನಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಸೋಪೇ ಹೇಳುತ್ತೆ.

ಮೇಡಂ: ಏಟು ಜೋರಾಯ್ತೇನೋ.

ಹೆಂಡತಿ: ಇವರು ಕೊಟ್ಟಷ್ಟೇ ಕೊಟ್ಟೆ. ಇವರ ಏಟಿನ ಸದ್ದು ಗೋಡೆಯಾಚೆ ಪ್ಯಾಕಿಂಗ್‌ನಲ್ಲಿ ಹದಿನಾರು ವರ್ಷದಿಂದ ಕೇಳಿದ್ದೀನಿ.

ಏಳಣ್ಣ ಮತ್ತೆ ತೋರಿಸಿದ. ಕ್ಯಾರಿಯರ್ ತಗಡಿನ ಮೇಲೆ, ಕೈ ಮಿಷನ್ನಿನ ಮೇಲೆ. ನೆಟ್ಟಗೆ ಬಂತು. ಹೆಂಡತಿಯ ಸರದಿ ಬಂದಾಗ ಕ್ಯಾರಿಯರನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತ. ಮತ್ತೆ ಸೊಟ್ಟ. ಮೂರನೇ ಸಲವೂ ಹಾಗೇ ಆಯಿತು. ಮೊದಲ ಸಲ ಅವನ ಮುಖ ಅರಳಿತ್ತು, ಎರಡನೇ ಸಲ ಅಷ್ಟೇನೂ ಅರಳಲಿಲ್ಲ. ಮೂರನೇ ಸಲಕ್ಕೆ ಮೂರನೇ ನಂಬರಿನ ಕುಳ್ಳ ಅತ್ತ ಕಡೆಯಿಂದ ಕತ್ತು ಉದ್ದ ಮಾಡಿ ನೋಡಿ ಮುಗುಳ್ನಕ್ಕ. ಏಳಣ್ಣನಿಗೆ ಬಿಳಿ ಅಂಗಿ ಅವನ ಮೈಮೇಲೆ ಕಂಡ ಹಾಗಾಯಿತು.

ಏಳಣ್ಣ: ಸರಿಯಾಗಿ ಮಾಡೇ. ನಾಲ್ಕು ಗಂಟೆಗೆ ಪಟ್ಟಿ ಹೋಗುತ್ತೆ.

ಹೆಂಡತಿ: ಏನು ಸರಿಯಾಗಿ ಮಾಡಬೇಕು ಹೇಳಿ.

ಏಳಣ್ಣ: ನಾನು ಮಾಡಿದ ಹಾಗೆ.

ಹೆಂಡತಿ: ನೀವು ಏನು ಮಾಡಿದ್ರಿ ಅಂತ ನಿಮಗೆ ಗೊತ್ತಾ?

ಏಳಣ್ಣ ಬಾಯಿ ತೆರೆದ. ಹನ್ನೆರಡೂವರೆಯ ಸೈರನ್ ಕೂಗಿ ಅವನ ಮರ್ಯಾದೆ ಉಳಿಸಿತು. ಅವನು ಕ್ಯಾರಿಯರಿನ ಹಿಡಿ ಬಿಚ್ಚಿ, ಮೇಲಿನ ಡಬ್ಬಿಯ ಅನ್ನಕ್ಕೆ ಕೈ ಹಾಕಿದ. ಅವಳು ಊಟಕ್ಕೆ ಬರಲಿಲ್ಲ. ರಿಜೆಕ್ಟ್ ಟ್ರೇಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸೊಟ್ಟ ಸೋಪುಗಳನ್ನು ಸಾಲಾಗಿ ಜೋಡಿಸಿದಳು.

ಹೆಂಡತಿ: ಮೇಡಂ, ಇಲ್ಲಿ ಬನ್ನಿ. ಎಲ್ಲಾ ಎಡಕ್ಕೇ ವಾಲಿವೆ. ಈ ಸೋಪು ನನಗೆ ಹಳೇ ಪರಿಚಯ. ಪ್ಯಾಕಿಂಗ್‌ನಲ್ಲಿ ದಿನಾ ಕೈಗೆ ಸಿಗುತ್ತೆ, ದಿನಾ ಬಿಸಾಕ್ತೀನಿ.

ಏಳಣ್ಣ: ನನ್ನ ಮಿಷನ್ನಿಂದ ಸೊಟ್ಟ ಬರಲ್ಲ.

ಹೆಂಡತಿ: ಬೆಳಿಗ್ಗೆ ಬರಲ್ಲ. ಊಟದ ಹೊತ್ತಿನಲ್ಲಿ ನಿಮ್ಮ ಬದಲಿಗೆ ಒಬ್ಬ ನಿಲ್ತಾನಲ್ಲ, ಆ ಅರ್ಧ ಗಂಟೆ ಪೂರ್ತಿ ಸೊಟ್ಟ. ಊಟ ಆದ ಮೇಲೆ ನೀವೇ ಇದ್ರೂ ಅಲ್ಲೊಂದು ಇಲ್ಲೊಂದು ಸೊಟ್ಟ.

ಏಳಣ್ಣ: ಮಧ್ಯಾಹ್ನ ಮಿಷನ್ನಿಗೂ ತೂಕಡಿಕೆ ಬರುತ್ತೆ.

ಹೆಂಡತಿ: ಹೋದ ವರ್ಷ ನಾನು ಹಲ್ಲು ಕೀಳಿಸ್ಕೊಂಡು ಅಡುಗೆ ಮಾಡದ ದಿನ, ಬೆಳಿಗ್ಗೆಯಿಂದ ಸೊಟ್ಟ. ಅವತ್ತು ನೀವು ಕ್ಯಾಂಟೀನ್‌ನಲ್ಲಿ ತಿಂದ್ರಿ.

ಏಳಣ್ಣ: ಅವತ್ತು ನಿನ್ನ ಹಲ್ಲಿನದೇ ಯೋಚನೆ ನನಗೆ.

ಹೆಂಡತಿ: ರೀ, ಒಂದ್ನಿಮಿಷ ಕೈ ತೆಗೀರಿ.

ಅವಳು ಎದ್ದು ಬಂದು, ಗಂಡ ಅನ್ನದಿಂದ ಕೈ ತೆಗೆಯುವಷ್ಟರಲ್ಲಿ ಡಬ್ಬಿಗಳನ್ನು ಒಂದರ ಮೇಲೊಂದು ಕೂರಿಸಿ, ಕ್ಯಾರಿಯರನ್ನು ಎತ್ತಿಕೊಂಡು ಹೋಗಿ ತಗಡಿನ ಮೇಲಿಟ್ಟಳು. ಸ್ವಿಚ್ ಹಾಕಿದಳು. ಏಟು ಕೊಡಲಿಲ್ಲ, ಕಿವಿಯನ್ನೂ ಕೊಡಲಿಲ್ಲ. ಹತ್ತು ಸೋಪಿನಲ್ಲಿ ಎಂಟು ನೆಟ್ಟಗೆ ಬಂದವು, ಎರಡು ಕೂದಲೆಳೆಯಷ್ಟು ವಾಲಿದ್ದವು.

ಹೆಂಡತಿ: ಅರ್ಧ ಡಬ್ಬಿ ಖಾಲಿ ಮಾಡಿದ್ದೀರಿ, ಅದಕ್ಕೆ ಆ ಎರಡು. ಮೇಡಂ, ನಿಮ್ಮ ರಿಜಿಸ್ಟರ್ ಕೊಡಿ.

ಕ್ಯಾರಿಯರಿನ ಮೇಲೆ ರಿಜಿಸ್ಟರ್ ಕೂತಿತು. ಮುಂದಿನ ಹತ್ತೂ ನೆಟ್ಟಗೆ.

ಮೇಡಂ ಬಗ್ಗಿ ತಗಡನ್ನು ಬೆರಳಿಂದ ಅಲುಗಿಸಿ ನೋಡಿದರು. ಅದರ ಎರಡು ಬೋಲ್ಟುಗಳ ಪೈಕಿ ಒಂದು ಯಾವ ಕಾಲದಲ್ಲೋ ಉದುರಿಹೋಗಿತ್ತು. ಸೋಪು ಅಚ್ಚಿನ ಕೆಳಗೆ ಜಾರಿ ಹೋಗುವ ದಾರಿಯನ್ನು ಹಿಡಿದು ನಿಲ್ಲಿಸುವುದೇ ಆ ತಗಡು. ಭಾರವಿದ್ದರೆ ಅದು ಅಲುಗದು, ಭಾರ ತೆಗೆದರೆ ಮಿಷನ್ನಿನ ನಡುಕಕ್ಕೆ ಎಡಕ್ಕೆ ಸರಿಯುತ್ತದೆ.

ಮೇಡಂ: ಫಿಟ್ಟರ್ ಎಷ್ಟೋ ಸಲ ನೋಡಿ ಹೋಗಿದ್ದಾರಲ್ಲ. ಏನೂ ದೋಷವಿಲ್ಲ ಅಂತ ಬರೆದಿದ್ದಾರೆ.

ಹೆಂಡತಿ: ಫಿಟ್ಟರ್ ಬಂದಾಗೆಲ್ಲ ಇವರು ಪಕ್ಕದಲ್ಲೇ ನಿಂತಿರ್ತಾರೆ. ಇವರು ನಿಂತ ಕಡೆ ಇವರ ಊಟಾನೂ ನಿಂತಿರುತ್ತೆ.

ಏಳಣ್ಣ ಎಂಜಲು ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದ. ಮೇಡಂ ನಗು ತಡೆದುಕೊಳ್ಳಲು ಕಿಟಕಿಯ ಕಡೆ ತಿರುಗಿದರು. ಹೆಂಡತಿ ಮಾತ್ರ ನಗಲಿಲ್ಲ, ಬರಬರುತ್ತಾ ಅವಳ ಮುಖ ಊದಿಕೊಂಡಿತು.

ಹೆಂಡತಿ: ಹಾಗಾದ್ರೆ ಎಂಟು ವರ್ಷದ ಹಿಂದೆ ನಾನು ಅಮ್ಮನ ಮನೆಗೆ ಹೋಗಿ ಹದಿನೈದು ದಿನ ಇದ್ದೆನಲ್ಲ.

ಏಳಣ್ಣ: ಈಗ ಅದ್ಯಾಕೆ.

ಹೆಂಡತಿ: ಹದಿನೈದು ದಿನವೂ ನಿಮ್ಮ ಸೋಪು ಸೊಟ್ಟ ಬಂತು. ಇಡೀ ಕಾರ್ಖಾನೆ ಮಾತಾಡ್ತು. ಪಾಪ, ಹೆಂಡತಿ ಊರಲ್ಲಿಲ್ಲ, ಕೈ ಓಡ್ತಿಲ್ಲ, ಎಂಥಾ ಗಂಡ ಅಂತ. ಪ್ಯಾಕಿಂಗ್‌ನಲ್ಲಿ ಒಬ್ಬಳು ಆ ಸೊಟ್ಟ ಸೋಪು ಒಂದನ್ನ ತೆಗೆದಿಟ್ಟು ನನಗೆ ಕೊಟ್ಟಳು. ನಾನು ಅದನ್ನ ಸೀರೆ ಮಧ್ಯೆ ಇಟ್ಕೊಂಡಿದ್ದೀನಿ. ಇವತ್ತಿಗೂ ಇದೆ.

ಏಳಣ್ಣ: ಬೇಜಾರು ಆಗಿತ್ತು ಕಣೇ.

ಹೆಂಡತಿ: ನಿಮಗೆ ಎಷ್ಟು ಬೇಜಾರಾಗಿತ್ತೋ ಗೊತ್ತಿಲ್ಲ. ಸೋಪಿಗೆ ಮಾತ್ರ ಎರಡೂವರೆ ಕೆಜಿ ಕಡಿಮೆ ಆಗಿತ್ತು.

ಏಳಣ್ಣ: ನಾನೇನು ನಿನ್ನನ್ನ ನೆನೆಸ್ಕೊಂಡೇ ಸೊಟ್ಟ ಒತ್ತಿದೆ ಅಂತ ಯಾವತ್ತಾದ್ರೂ ಹೇಳಿದ್ನಾ?

ಹೆಂಡತಿ: ಅಲ್ಲ ಅಂತಲೂ ಹೇಳಲಿಲ್ಲ. ಎಂಟು ವರ್ಷ.

ಏಳಣ್ಣ ನಲ್ಲಿಯ ಹತ್ತಿರ ಹೋಗಿ ಕೈ ತೊಳೆದುಕೊಂಡು ಬಂದು ಬೆಂಚಿನ ಮೇಲೆ ಕುಳಿತ. ಹತ್ತೊಂಬತ್ತು ವರ್ಷ ತನ್ನ ಕೈಯಲ್ಲಿ ಏನೋ ಇದೆ ಎಂದುಕೊಂಡಿದ್ದವನಿಗೆ, ಇದ್ದದ್ದೆಲ್ಲ ಅನ್ನದ ಡಬ್ಬಿಯಲ್ಲಿ ಎಂದು ಗೊತ್ತಾದರೆ ಹೇಗಿರಬೇಡ. ಅವನಿಗೆ ನಿಜವಾಗಿ ನಾಚಿಕೆಯಾಗಿತ್ತು. ಆ ಮೂರು ಹುಡುಗರೂ ನೆನಪಾದರು, ಅದರಲ್ಲೂ ಎಂಟು ದಿನ ಒರೆಸಿದವನು.

ಏಳಣ್ಣ: ಮೇಡಂ, ಇದನ್ನ ಕೈಪಿಡಿಯಲ್ಲಿ ಬರೀತೀರಾ?

ಮೇಡಂ: ಬರೀಲೇಬೇಕು. ನೀವೇ ಹೊಡೆದುಹಾಕಿಸಿದ ಎರಡನೇ ಹೆಜ್ಜೆ.

ಏಳಣ್ಣ: ಹಾಗಿದ್ರೆ ಇಷ್ಟೇನಾ ನಾನು?

ಹೆಂಡತಿ ಟ್ರೇಯಲ್ಲಿದ್ದ ಸೋಪೊಂದನ್ನು ತಿರುಗಿಸಿ ನೋಡುತ್ತಿದ್ದಳು. ಅವಳ ಮುಖ ಇನ್ನೂ ಬಿಗಿದೇ ಇತ್ತು, ದನಿ ಮಾತ್ರ ಒಂದು ಮೆಟ್ಟಿಲು ಇಳಿಯಿತು.

ಹೆಂಡತಿ: ಇದೇನು ಇಷ್ಟೇನಾ ಅಂತ. ಸೊಟ್ಟದ್ದು ಒಂದು ಕಡೆ ಇರ್ಲಿ. ಅಂಚು ಬಿರುಕು ಬಿಟ್ಟ ಸೋಪು ಮೂರನೇ ನಂಬರಿಂದ ದಿನಕ್ಕೆ ಒಂದು ಬುಟ್ಟಿ ಬರುತ್ತೆ. ನಿಮ್ಮಿಂದ ಹದಿನಾರು ವರ್ಷದಲ್ಲಿ ಒಂದೂ ಬಂದಿಲ್ಲ. ಅದಕ್ಕೂ ಕ್ಯಾರಿಯರ್‌ಗೂ ಸಂಬಂಧ ಇಲ್ಲ. ಅದು ಹೇಗೆ?

ಏಳಣ್ಣ: ಅದಾ? ಅದು ಕೈಗೆ...

ಹೆಂಡತಿ: ಕೈಗೆ ಅಂದ್ರೆ ಈಗಲೇ ಪ್ಯಾಕಿಂಗ್‌ಗೆ ವಾಪಸ್ ಹೋಗ್ತೀನಿ. ನೀವು ರಿಟೈರ್ ಆಗೋವರೆಗೂ ಇಲ್ಲೇ ಇರಿ.

ಏಳಣ್ಣ ಒಂದು ಗಳಿಗೆ ತನ್ನ ಹೆಬ್ಬೆರಳನ್ನೇ ನೋಡಿಕೊಂಡ. ಆಮೇಲೆ ಎದ್ದ.

ಏಳಣ್ಣ: ಬಾ ಇಲ್ಲಿ. ಸೋಪು ಒಳಗೆ ಹೋಗೋಕೆ ಮುಂಚೆ ಉಗುರಿಂದ ಒತ್ತು. ಪುಡಿ ಉದುರಿದ್ರೆ ಒಣಗಿದೆ ಅಂತ, ವೇಗ ಇಳಿಸು. ಉಗುರಿಗೆ ಅಂಟಿದ್ರೆ ಹಸಿ ಇದೆ ಅಂತ, ಅಚ್ಚಿಗೆ ಉಪ್ಪುನೀರಿನ ಬಟ್ಟೆ ಒರೆಸು. ಹಿಂಡಿ ಒರೆಸಬೇಕು, ತೊಟ್ಟಿಕ್ಕೋ ಹಾಗಲ್ಲ.

ಹೆಂಡತಿ: ಇದು?

ಏಳಣ್ಣ: ನೀನೇ ಹೇಳು.

ಹೆಂಡತಿ: ಅಂಟ್ತಿದೆ. ಹಸಿ.

ಏಳಣ್ಣ: ಅಷ್ಟೇ. ಮತ್ತೆ ಎರಡು ಗಂಟೆ ಹೊತ್ತಿಗೆ ಆ ಕಿಟಕಿಯಿಂದ ಬಿಸಿಲು ಈ ರಾಶಿ ಮೇಲೆ ಬೀಳುತ್ತೆ. ಅವಾಗ ಮೇಲಿನ ಸಾಲು ಬೇಗ ಒಣಗುತ್ತೆ. ಕೆಳಗಿನದನ್ನ ಮೊದಲು ತಗೋ. ಇದನ್ನ ನನಗೆ ಯಾರೂ ಹೇಳಿಕೊಡಲಿಲ್ಲ, ಎರಡು ವರ್ಷ ಬೈಸ್ಕೊಂಡು ಕಲ್ತೆ.

ಮೇಡಂ: ಸ್ವಲ್ಪ ನಿಧಾನ, ಬರ್ಕೋತಿದ್ದೀನಿ. ಇದನ್ನೆಲ್ಲ ಆ ಮೂರು ಜನಕ್ಕೆ ಯಾಕೆ ಹೇಳಲಿಲ್ಲ?

ಏಳಣ್ಣ: ಹೇಳಿದ್ರೆ ನಾನು ಯಾಕೆ ಬೇಕು ಅಂತ ಕೇಳ್ತೀರಿ ಅನ್ಕೊಂಡಿದ್ದೆ.

ಮ್ಯಾನೇಜ್‌ಮೆಂಟ್ ಓದಿ ಬಂದಿದ್ದ ಮೇಡಂ ಇದಕ್ಕೆ ಕೊಡಬಹುದಾದ ಉತ್ತರಗಳು ಅವರ ಮೇಜಿನ ಮೇಲಿನ ಪುಸ್ತಕದಲ್ಲಿ ಹನ್ನೆರಡನೇ ಅಧ್ಯಾಯದಲ್ಲಿ ಇದ್ದವು. ಅವರು ಅವನ್ನು ಹೇಳಲು ಹೋಗದೆ, ಪೆನ್ನಿಗೆ ಮುಚ್ಚಳ ಹಾಕಿ, ಪರೀಕ್ಷೆ ಶುರು ಮಾಡಿ ಎಂದರು. ಮೂರೂಕಾಲಿಗೆ ಹೆಂಡತಿ, ಕ್ಯಾರಿಯರಿನ ಮೇಲೆ ರಿಜಿಸ್ಟರ್ ಇಟ್ಟು, ನೂರು ಸೋಪು ಒತ್ತಿದಳು. ಒಂದೂ ಬಿರುಕಿಲ್ಲ, ಒಂದೂ ಸೊಟ್ಟವಿಲ್ಲ. ನೂರನೆಯದನ್ನು ಅವಳು ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಕಾಗದ ಸುತ್ತಲಿಲ್ಲ. ಏಳಣ್ಣ ಮೂಗು ಉಜ್ಜಿಕೊಂಡು, ಸೋಪಿನ ವಾಸನೆ ಜಾಸ್ತಿ ಎಂದ.

ಮೂರೂ ಮುಕ್ಕಾಲಿಗೆ ತರಬೇತಿ ಕೊಠಡಿಯಲ್ಲಿ ಏಳಣ್ಣ ತನ್ನ ಹೆಸರನ್ನು ಹೊಡೆದು, ಹೆಂಡತಿಯ ಹೆಸರನ್ನು ತಪ್ಪಿಲ್ಲದೆ ಬರೆದು ಸಹಿ ಹಾಕಿದ.

ಮೇಡಂ: ಅಭಿನಂದನೆ ಇಬ್ಬರಿಗೂ. ಸೋಮವಾರದಿಂದ ನೀವು ಸೂಪರ್‌ವೈಸರ್, ನೀವು ಆಪರೇಟರ್. ಆ ಬೋಲ್ಟಿಗೆ ಹೆಡ್ ಆಫೀಸಿಗೆ ಬರೀತೀನಿ. ಒಪ್ಪಿಗೆ ಬರೋಕೆ ಎರಡು ತಿಂಗಳಾದ್ರೂ ಬೇಕು. ಅಲ್ಲಿವರೆಗೆ ಎರಡನೇ ಹೆಜ್ಜೆ ತಪ್ಪಿಸೋ ಹಾಗಿಲ್ಲ. ‘ತುಂಬಿದ ಕ್ಯಾರಿಯರ್’ ಅಂತಲೇ ಬರೆದಿದ್ದೀನಿ.

ಏಳಣ್ಣ: ಒಂದು ಕಬ್ಬಿಣದ ತುಂಡು ಇಟ್ರೆ ಆಗಲ್ವಾ ಮೇಡಂ?

ಹೆಂಡತಿ: ಪರೀಕ್ಷೆ ಪಾಸಾಗಿರೋದು ಕ್ಯಾರಿಯರ್ ಮೇಲೆ. ಕಬ್ಬಿಣ ತಿಂದು ನಾನು ನಾಲ್ಕು ಗಂಟೆವರೆಗೆ ನಿಲ್ಲೋಕಾಗಲ್ಲ.

ಏಳಣ್ಣ: ಸರಿ, ತುಂಬಿಸ್ಕೊಂಡು ಬಾ. ಅದಕ್ಕೇನಂತೆ.

ಹೆಂಡತಿ: ಮೇಡಂ, ಆಪರೇಟರ್ ಎಷ್ಟು ಗಂಟೆಗೆ ಬರಬೇಕು?

ಮೇಡಂ: ಏಳಕ್ಕೆ.

ಹೆಂಡತಿ: ಸೂಪರ್‌ವೈಸರ್?

ಮೇಡಂ: ಒಂಬತ್ತಕ್ಕೆ.

ಹೆಂಡತಿ: ಮಿಷನ್ನಿಗೆ ಏಳಕ್ಕೆ ಹೋಗೋರು ಬೆಳಿಗ್ಗೆ ಅಡುಗೆಮನೆಗೆ ಕಾಲಿಡಬಾರದು, ತಡ ಆಗುತ್ತೆ ಅಂತ ನಮ್ಮನೇಲಿ ಹತ್ತೊಂಬತ್ತು ವರ್ಷದಿಂದ ಒಂದು ನಿಯಮ ಇದೆ. ಮಾಡಿದವರು ಇವರೇ. ಮೇಡಂ, ಅಂಥದ್ದೇ ಫಾರಂ ಇನ್ನೊಂದು ಕೊಡಿ.

ಮೇಡಂ ಕೊಟ್ಟರು. ಅವಳು ‘ಕೆಲಸದ ವಿವರ’ ಎಂಬಲ್ಲಿ ಅಡುಗೆ ಎಂದು ಬರೆದಳು. ಕೆಳಗಿನ ಸಾಲಿನಲ್ಲಿ, ‘ನೀವಿಲ್ಲದಾಗ ಈ ಕೆಲಸ ಮಾಡುವವರು’ ಎಂಬುದರ ಮುಂದೆ, ಗಂಡನ ಹೆಸರು ಬರೆದು, ಫಾರಮ್ಮನ್ನು ಅವನ ಕಡೆ ತಿರುಗಿಸಿ ಪೆನ್ನು ಕೊಟ್ಟಳು.

ಏಳಣ್ಣ: ಟ್ರೈನಿಂಗ್ ಇಲ್ಲದೆ ಹೆಂಗೆ ಸಹಿ ಹಾಕ್ಲಿ?

ಹೆಂಡತಿ: ನಾಳೆ ಶನಿವಾರ. ಬೆಳಿಗ್ಗೆ ಐದಕ್ಕೆ ಶುರು. ಮೊದಲ ಎಂಟು ದಿನ ಪಾತ್ರೆ ಒರೆಸೋದು.

ಏಳಣ್ಣ: ಸೋಮವಾರವೇ ಕ್ಯಾರಿಯರ್ ತುಂಬಬೇಕಲ್ಲೇ. ಒಂದು ಕೆಲಸ ಮಾಡು. ಏನೇನು ಎಷ್ಟೆಷ್ಟು ಅಂತ ಒಂದು ಚೀಟಿಯಲ್ಲಿ ಬರೆದುಕೊಡು. ಅಕ್ಕಿ ಎಷ್ಟು, ನೀರು ಎಷ್ಟು, ಉಪ್ಪು ಎಷ್ಟು, ಅಷ್ಟು ಸಾಕು.

ಹೆಂಡತಿ ನೋಟ್‌ಬುಕ್ಕಿನ ಸುರುಳಿಗೆ ಪೆನ್ನು ಸಿಕ್ಕಿಸಿ, ಪ್ಯಾಕಿಂಗ್ ವಿಭಾಗದ ಟೊಪ್ಪಿಯನ್ನು ತೆಗೆದು ಮಡಚಿ ಮೇಡಂ ಅವರ ಮೇಜಿನ ಮೇಲಿಟ್ಟಳು.

ಹೆಂಡತಿ: ಬರೆಯೋದೇನು ಬಂತು. ಕೈಗೆ ಗೊತ್ತಾಗುತ್ತೆ.